ಅಜ್ಜಿಯ ಮೂಗಿಗಾಗಿ ಒಂದು ಕಾರು

ಆಗಿನ್ನೂ ಹಲಗೂರಿನಲ್ಲಿ ಕರೆಂಟಿನ ಕಾರೆಂದರೆ ಮಕ್ಕಳ ಆಟದ ಸಾಮಾನು. ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ ನಮ್ಮಪ್ಪ ಮಾತ್ರ, ತಿರುಗುವುದೆಲ್ಲ ತನ್ನ ಮಾತು ಕೇಳುತ್ತದೆಂದು ನಂಬಿದ್ದ.

ಅಜ್ಜಿಗೆ ಮುತ್ತತ್ತಿಯ ಆಂಜನೇಯನನ್ನು ಒಂದೇ ಒಂದು ಸಲ ನೋಡುವ ಆಸೆ. ಆದರೆ ಪೆಟ್ರೋಲು, ಡೀಸೆಲ್ಲಿನ ವಾಸನೆ ಬಡಿದರೆ ವಾಂತಿ. ಬಸ್ಸು ಹತ್ತಿಸಿದರೆ ಊರು ದಾಟುವ ಮೊದಲೇ ಇಳಿಸಿಕೊಂಡು ಬರಬೇಕು. ಹೊಗೆಯೇ ಇಲ್ಲದ ಗಾಡಿ ಮಾಡುತ್ತೇನೆಂದು ಅಪ್ಪ ಒಂದು ಮುದಿ ಕಾರು ತಂದ. ಎಮ್ಮೆ ಮಾರಿದ ಮೇಲೆ ಖಾಲಿಯಿದ್ದ ಕೊಟ್ಟಿಗೆಗೆ ಅಂದೇ ಗ್ಯಾರೇಜೆಂದು ನಾಮಕರಣವಾಯಿತು.

ಇಂಜಿನ್ನು ಕಿತ್ತ ಮೇಲೆ ಬಾನೆಟ್ಟಿನ ಕೆಳಗೆ ಉಳಿದ ಗುಂಡಿಯಲ್ಲಿ ನಾನೂ ತಂಗಿಯೂ ಕಣ್ಣಾಮುಚ್ಚಾಲೆ ಆಡಿದೆವು. ಆಮೇಲೆ ಅಲ್ಲಿ ಗುಜರಿಯ ಮೋಟರು ಕೂತಿತು. ಹಿಂದಿನ ಸೀಟನ್ನು ಬ್ಯಾಟರಿಗಳು ಆಕ್ರಮಿಸಿದವು. ಹಳೇ ಸಗಣಿ, ಆಸಿಡ್ಡು, ಅಮ್ಮನ ಹುರುಳಿ ಬಸ್ಸಾರು, ಮೂರರ ವಾಸನೆಯೂ ಒಂದಾಗಿತ್ತು.

ಆಯುಧಪೂಜೆಯ ಹಿಂದಿನ ದಿನ ಕಾರು ಕೊಟ್ಟಿಗೆಯಿಂದ ಜಗಲಿಯವರೆಗೆ ಸದ್ದಿಲ್ಲದೆ ಬಂತು. ಒಳಗೆ ಅಜ್ಜಿ, ಸೆರಗಿನಿಂದ ಮೂಗು ಮುಚ್ಚಿಕೊಂಡು.

“ಯಾವಾಗ್ಲಾ ಒಂಟದು?”

“ಬಂದೇ ಬುಟ್ಟೋ ಕಣವ್ವ, ಇಳಿ,” ಎಂದ ಅಪ್ಪ.

ಅಜ್ಜಿ ಸೆರಗು ತೆಗೆದು ಉಸಿರೆಳೆದಳು. “ಹೊಗೆ ವಾಸ್ನೇನೇ ಇಲ್ಲ ಕಣ್ಲಾ! ಸನಿವಾರ ಓಗುವಾ.”

ಮರುದಿನ ಅಪ್ಪ ಬೂದುಗುಂಬಳ ತರಲು ಹೋಗಿದ್ದ. ಅಂದು ನಮ್ಮಲ್ಲಿ ನೇಗಿಲಿನಿಂದ ಈಳಿಗೆಮಣೆಯವರೆಗೆ ಯಾವುದಕ್ಕೂ ತೊಳೆಯದೆ ಕುಂಕುಮವಿಲ್ಲ. ಅಜ್ಜಿ ನನ್ನಿಂದ ಬಾನೆಟ್ಟು ಎತ್ತಿಸಿದಳು.

“ಮಕ ತೊಳೀದೆ ಕುಂಕ್ಮ ಇಕ್ತಾರಾ ಮಗ? ನೀರು ತಕ್ಕಂಬಾ.”

ಆರು ಬಿಂದಿಗೆ ಹೊತ್ತು ತಂದೆ. ಮೋಟರಿಗೆ ಕರೆಂಟು ಅಳೆದು ಕೊಡುವ ಡಬ್ಬಿಯ ಮುಚ್ಚಳವನ್ನೂ ತೆಗೆದು, ಒಳಗೆಲ್ಲ ಸಾಂಗವಾಗಿ ಅಭಿಷೇಕ ನೆರವೇರಿಸಿದೆವು.

ಅಪ್ಪ ಬಂದು, ಪೂಜೆಯಾಗಿ, ಕೀಲಿ ತಿರುಗಿಸಿದ. ಚಟ್ಟೆಂದಿತು. ಹೊಗೆಯಿಲ್ಲದ ಗಾಡಿಯ ಮೊದಲ ಹೊಗೆ ಎದ್ದಿತು. ಅಜ್ಜಿ ಅದಕ್ಕೂ ವಾಂತಿ ಮಾಡಿಕೊಂಡಳು.

“ತೊಳುದ್ದು ತಪ್ಪಾಯ್ತೇನ್ಲಾ?”

“ಇಲ್ಲ ಬುಡವ್ವ. ಒಣಗ್ತದೆ.”

ಒಣಗಿತು, ಓಡಲಿಲ್ಲ. ಡಬ್ಬಿ ಸುಟ್ಟುಹೋಗಿತ್ತು; ಅಂಥದ್ದು ಇನ್ನಾವ ಗುಜರಿಯಲ್ಲೂ ಸಿಗಲಿಲ್ಲ. ಎಷ್ಟೋ ಶನಿವಾರಗಳು ಕಳೆದವು. ಕೊನೆಗೆ ಅಜ್ಜಿ ಹೊರಟದ್ದು ನಾಲ್ವರ ಹೆಗಲ ಮೇಲೆ, ಹೊಲದ ಕಡೆಗೆ.

ಈಗ ಹಲಗೂರಿನ ಬಸ್‌ಸ್ಟಾಪಿನಲ್ಲೇ ಕರೆಂಟಿನ ಆಟೋಗಳು ಸಾಲಾಗಿ ನಿಲ್ಲುತ್ತವೆ. ಮೊನ್ನೆ ಒಂದನ್ನು ಮನೆಬಾಗಿಲಿಗೇ ಕರೆಸಿ, “ಮುತ್ತತ್ತಿಗೆ ಹೋಗಿಬರೋಣ ಬಾ” ಎಂದು ಅಪ್ಪನನ್ನು ಕರೆದೆ.

ಅಪ್ಪ ಎದ್ದು ಬಂದು ಒಳಗೆ ತಲೆ ಹಾಕಿ, ಮೂಗಿನ ತುಂಬ ಉಸಿರೆಳೆದು ನೋಡಿದ. ಹತ್ತಲಿಲ್ಲ.

“ಅವ್ವ ನೋಡ್ದೆ ಇದ್ದುದ್ದ ನಾನ್ ನೋಡಿ ಏನ್ ಮಾಡ್ಲಿ ಮಗ? ಕಳ್ಸು.”