ಗಿಲಕಿ ನರ್ಸಮ್ಮ

ಗಿಲಕಿ ನರ್ಸಮ್ಮ ಯಾವ ಮಗುವನ್ನೂ ಎದುರಿನಿಂದ ಮಾತಾಡಿಸಿದವಳಲ್ಲ. ಚಪ್ಪಲಿ ಹೊರಗೆ ಬಿಟ್ಟು, ಬೆಕ್ಕಿನ ಹಾಗೆ ಹಿಂದಿನಿಂದ ಬಂದು, ಕರ್ಚೀಫಿನಲ್ಲಿ ಸುತ್ತಿಟ್ಟ ಗಿಲಕಿ ತೆಗೆದು ಕಿವಿಯ ಹತ್ತಿರ ಗಲಗಲ ಆಡಿಸುತ್ತಾಳೆ. ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿದರೆ ಇವಳಿಗೆ ಸ್ವರ್ಗಕ್ಕೆ ಮೂರೇ ಗೇಣು. "ಅಳು ನನ್ನ ಬಂಗಾರ, ಇನ್ನೂ ಜೋರಾಗಿ ಅಳು!" ಅನ್ನುತ್ತಾಳೆ. "ಮಲಗಿಸೋಕೆ ನಾನು, ಎಬ್ಬಿಸೋಕೆ ನೀನು!" ಎಂದು ಅಜ್ಜಿಯರು ಬೈದರೆ ಅದನ್ನೂ ಆಶೀರ್ವಾದದಂತೆ ಕೇಳಿಸಿಕೊಳ್ಳುತ್ತಾಳೆ. ಅಭ್ಯಾಸಬಲದಿಂದ ಒಮ್ಮೆ ದೊಡ್ಡ ಡಾಕ್ಟರ ಬೆನ್ನ ಹಿಂದೆಯೂ ಗಿಲಕಿ ಆಡಿಸಿ ಉಗಿಸಿಕೊಂಡಿದ್ದಾಳೆ. ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಸಿಫಿಲಿಸ್ ತಗಲಿದ ಮಕ್ಕಳು ಈ ಸೀಮೆಯಲ್ಲಿ ಎಷ್ಟಿದ್ದಾರೆ, ಅವರ ಕಣ್ಣು ಕಿವಿ ಹೇಗಿವೆ ಎಂದು ವರ್ಷವರ್ಷವೂ ನೋಡಿ ಬರುವುದು ಅವಳ ಕೆಲಸ. ಬಸುರಿಯರಿಗೆ ಹೊತ್ತಿಗೆ ಸರಿಯಾಗಿ ಪೆನಿಸಿಲಿನ್ ಸೂಜಿ ಹಾಕಿದ್ದರೆ ಈ ತಿರುಗಾಟವೇ ಬೇಕಿರಲಿಲ್ಲ ಎಂದು ದಾರಿಯುದ್ದಕ್ಕೂ ಗೊಣಗುತ್ತಾಳೆ. ಆ ರೋಗದ ಮನೆ ಯಾವುದೆಂದು ಬೀದಿಗೆ ಗೊತ್ತಾಗಬಾರದಲ್ಲ, ಅದಕ್ಕೇ ಎಲ್ಲರ ಮನೆಗೂ ನುಗ್ಗುತ್ತಾಳೆ, ಗುಂಡುಕಲ್ಲಿನಂಥ ಮಕ್ಕಳನ್ನೂ ಬಿಡದೆ ಅಳಿಸುತ್ತಾಳೆ. ಹೋದ ವರ್ಷ ಎಲ್ಲರಿಗಿಂತ ಜೋರಾಗಿ ಅತ್ತವಳು ಮೂಲೆಮನೆಯ ಹುಡುಗಿ, ನರ್ಸಮ್ಮ ನಿಜವಾಗಿ ನೋಡಬೇಕಾಗಿದ್ದದ್ದು ಅವಳನ್ನೇ. ಈ ಸಲ ಅವಳು ಗೊಂಬೆಯ ತಲೆ ಬಾಚುತ್ತ ಕೂತಿದ್ದಳು. ನರ್ಸಮ್ಮ ಹಿಂದಿನಿಂದ ಗಿಲಕಿ ಆಡಿಸಿದಳು. ಆಚೆ ಕಿವಿಗೆ ಹೋಗಿ ಆಡಿಸಿದಳು. ಕೈ ಸೋಲುವಷ್ಟು ಜೋರಾಗಿ ಆಡಿಸಿದಳು. ಬಾಚಣಿಗೆ ನಿಲ್ಲಲಿಲ್ಲ. ಪಾತ್ರೆ ತೊಳೆಯುತ್ತಿದ್ದ ತಾಯಿ ಸದ್ದಿಗೆ ತಿರುಗಿ ನೋಡಿ, ಮುಖ ತುಂಬ ನಕ್ಕು, "ನೋಡಿದ್ರಾ ನರ್ಸಮ್ಮ," ಅಂದಳು, "ನನ್ನ ಮಗಳು ಈಗ ನಿಮಗೆ ಹೆದರೋದೇ ಇಲ್ಲ!"