ಹಸಿ ತಿನ್ನುವ ಸಾಹೇಬರೂ ಈರಮ್ಮಾಯಿಯ ಹಕ್ಕರಕಿಯೂ

ಕೊರೊನಾದ ಗಲಾಟೆ ಅಡಗಿ ಎರಡನೆಯ ವರ್ಷ. ನಾನು ಚಿತ್ತಾಪುರ ತಾಲ್ಲೂಕಿನಲ್ಲಿ ಹಿರಿಯ ಆರೋಗ್ಯ ನಿರೀಕ್ಷಣಾಧಿಕಾರಿಯಾಗಿದ್ದೆ. ಜನರ ಬಾಯಲ್ಲಿ ‘ಗುಳಿಗಿ ಸಾಹೇಬ’. ಆನೆಕಾಲು ರೋಗ ತಡೆಯಲು ಮನೆಮನೆಗೆ ಹೋಗಿ ಗುಳಿಗೆ ನುಂಗಿಸುವುದು ನಮ್ಮ ಕೆಲಸ. ಕೊಟ್ಟು ಬರುವುದಲ್ಲ, ನುಂಗಿಸುವುದು. ಕೈಗಿಟ್ಟು ಬಂದರೆ ಸಂಜೆಯೊಳಗೆ ಅದು ತಿಪ್ಪೆ ಸೇರುತ್ತದೆಂದು ಎಲ್ಲರಿಗೂ ಗೊತ್ತು. ಹಾಗಾಗಿ ನಿಯಮ ಎರಡು: ಊಟವಾದ ಮೇಲೆಯೇ ನುಂಗಬೇಕು, ನಮ್ಮ ಎದುರಿಗೇ ನುಂಗಬೇಕು. ಮೂರನೆಯದನ್ನು ನಾನೇ ಸೇರಿಸಿಕೊಂಡಿದ್ದೆ. ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಕೆಳಗೆ ಗುಳಿಗೆ ಅಡಗಿಲ್ಲವೆಂದು ಇಣುಕಿ ನೋಡುವುದು. ‘ಅನುಮಾನಂ ಪೆದ್ದರೋಗಂ’, ಸಂಶಯವೇ ದೊಡ್ಡ ರೋಗ ಎಂದು ಸೇಡಂ ಕಡೆಯ ತೆಲುಗು ಮಂದಿ ಹೇಳುತ್ತಾರೆ. ಅದೇ ರೋಗಕ್ಕೆ ನನಗೆ ತಿಂಗಳ ಸಂಬಳ ಬರುತ್ತಿತ್ತು.

ಆ ಚಳಿಗಾಲದಲ್ಲಿ ನಮ್ಮ ಕೆಲಸ ನೋಡಲು ಹೊರಗಿನಿಂದ ಒಬ್ಬ ವೀಕ್ಷಕರು ಬಂದರು. ಡಾ. ಅವಿನಾಶ್, ಮೂಲ ಪುಣೆಯವರು. ಈ ರೋಗ ಇರುವುದೆಲ್ಲ ಬಿಸಿಲ ದೇಶಗಳಲ್ಲಿ. ಆಫ್ರಿಕಾ, ಶ್ರೀಲಂಕಾ, ಇಂಡೋನೇಷ್ಯಾ ಎಂದು ಸುತ್ತುವುದೇ ಅವರ ನೌಕರಿ. ವಾಡಿ ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿದವರಿಗೆ ಚಹಾ ತರಿಸಿದೆ. ಬೇಡವೆಂದರು. ಮಧ್ಯಾಹ್ನ ಖಾನಾವಳಿಗೆ ಕರೆದೆ. ಬರಲಿಲ್ಲ. ಬೇಯಿಸಿದ್ದು, ಹುರಿದದ್ದು, ಕುದಿಸಿದ್ದು ಯಾವುದನ್ನೂ ತಿನ್ನದೆ ಎಷ್ಟೋ ವರ್ಷವಾಗಿದೆಯಂತೆ. ಹಸಿಯದ್ದೇ ಊಟ.

ನಾನು ನಂಬಲಿಲ್ಲ. ಸರ್ಕಾರಿ ಭೇಟಿಗೆ ಬಂದವರು ಹಗಲು ಉಪವಾಸ, ಕತ್ತಲಾದರೆ ಕೋಳಿ ಎನ್ನುವುದನ್ನು ಬೇಕಾದಷ್ಟು ಕಂಡವನು. ಮರುದಿನ ಬೆಳಿಗ್ಗೆ ಲಾಡ್ಜಿಗೆ ಕರೆಯಲು ಹೋದಾಗ, ಅವರು ಸ್ನಾನಕ್ಕೆ ಹೋಗಿದ್ದು ನೋಡಿ ಕಸದ ಬುಟ್ಟಿಗೆ ಕಣ್ಣು ಹಾಕಿದೆ. ಬಾಳೆಹಣ್ಣಿನ ಸಿಪ್ಪೆ, ಪಪ್ಪಾಯಿಯ ಸಿಪ್ಪೆ, ಶೇಂಗಾದ ಸಿಪ್ಪೆ. ಬೇರೇನೂ ಇರಲಿಲ್ಲ.

ಗಾಡಿಯಲ್ಲಿ ಕುಳಿತಾಗ ತಮ್ಮ ಕಟ್ಟಳೆಗಳನ್ನು ಅವರೇ ಹೇಳಿದರು. ಬಿಸಿಲ ದೇಶದಲ್ಲಿ ಹಸಿ ತಿನ್ನುವವನು ಎಲ್ಲವನ್ನೂ ಸಂಶಯದಿಂದ ನೋಡಬೇಕು. ಸಿಪ್ಪೆಯಿದ್ದದ್ದನ್ನು ತಾನೇ ಸುಲಿದು ತಿನ್ನಬೇಕು. ಕತ್ತರಿಸಿಟ್ಟ ಹಣ್ಣು, ಪರರು ತೊಳೆದ ಸೊಪ್ಪು, ಐಸು, ಬಾವಿ ನೀರು ಮುಟ್ಟಬಾರದು. ಚಾಕು ತನ್ನದೇ ಇರಬೇಕು. ಮೊಳಕೆ ಕಾಳನ್ನು ಶುದ್ಧ ನೀರಿನಲ್ಲಿ ತಾನೇ ನೆನೆಸಬೇಕು. ಹಾಗೆ ನೆನೆಸಿದ ಹೆಸರಕಾಳಿನ ಬಟ್ಟೆಚೀಲವೊಂದು ಗಾಡಿಯ ಕಿಟಕಿಗೆ ಜೋತುಬಿದ್ದು, ಹೋದಲ್ಲೆಲ್ಲ ತೊಟ್ಟಿಕ್ಕುತ್ತಿತ್ತು. ಚಿಂಚೋಳಿ ಕಡೆಯ ಒಂದು ಊರಲ್ಲಿ ಹೆಂಗಸರು ಅದನ್ನು ನೋಡಿ ಮಕ್ಕಳನ್ನು ಒಳಗೆ ಕರೆದುಕೊಂಡರು. ಗುಳಿಗೆಯವರು ಚೀಲದಲ್ಲಿ ಮತ್ತೇನೋ ತಂದಿದ್ದಾರೆಂದು ಅಲ್ಲಿ ಸುದ್ದಿಯಾಯಿತು. ನನ್ನಂಥ ಸಂಶಯಗಾರನಿಗೆ ಒಬ್ಬ ಗುರು ಸಿಕ್ಕ ಹಾಗಾಗಿತ್ತು.

ಮೂರನೆಯ ದಿನ ಕಾಗಿಣಾ ದಂಡೆಯ ನಮ್ಮದೇ ಒಂದು ಊರಿಗೆ ಹೋದೆವು. ಹೆಸರು ಬೇಡ. ಅಲ್ಲಿನ ಹೊಳೆದಂಡೆಯ ಓಣಿ ನನಗೆ ಕಬ್ಬಿಣದ ಕಡಲೆ. ಹಿಂದಿನ ವರ್ಷ ಗುಳಿಗೆ ನುಂಗಿದ ಕೆಲವರಿಗೆ ಸಂಜೆಗೆ ಜ್ವರ, ತಲೆಸುತ್ತು ಬಂದಿತ್ತು. ರಕ್ತದಲ್ಲಿ ಈ ರೋಗ ತರುವ ಹುಳದ ಮರಿಗಳಿದ್ದವರಿಗೆ ಅವು ಸಾಯುವಾಗ ಹಾಗಾಗುವುದುಂಟು. ಎಷ್ಟು ಹೇಳಿದರೂ ಓಣಿ ನಂಬಲಿಲ್ಲ. ಓಣಿ ನಂಬುತ್ತಿದ್ದದ್ದು ಈರಮ್ಮಾಯಿಯನ್ನು. ಆಕೆಯ ಗಂಡ, ಸೇತುವೆ ಆಗುವ ಮೊದಲು, ಹರಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದವನು. ಆಕೆಯ ಎಡಗಾಲು ಆಗಲೇ ಕಂಬದಂತೆ ಬಾತಿತ್ತು. ಅದಕ್ಕೆ ಇನ್ನು ಯಾವ ಗುಳಿಗೆಯೂ ನಾಟುವಂತಿರಲಿಲ್ಲ.

ನನ್ನ ಚಿಂತೆ ಆಕೆಯ ಮಗಳ ಮಗಳು ರೇಣುಕಾಳದು. ಚಿತ್ತಾಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿ. ಈ ಹುಳದ ಮರಿಗಳು ರಾತ್ರಿ ಹೊತ್ತು ಮಾತ್ರ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಆದ್ದರಿಂದ ನಾವು ಕತ್ತಲಾದ ಮೇಲೆ ಬೆರಳ ತುದಿಯಿಂದ ರಕ್ತ ತೆಗೆಯುತ್ತೇವೆ. ರೇಣುಕಾಳ ರಕ್ತದಲ್ಲಿ ಅವು ಸಿಕ್ಕಿದ್ದವು. ಕಾಲು ಇನ್ನೂ ಬಾತಿರಲಿಲ್ಲ. ಹನ್ನೆರಡು ದಿನ ಬಿಡದೆ ಗುಳಿಗೆ ನುಂಗಿದರೆ ಬಾವು ಬಾರದಂತೆ ತಡೆಯುವ ಆಸೆಯಿತ್ತು. ಬಾತ ಮೇಲೆ ಮಾಡುವುದೇನೂ ಇರುವುದಿಲ್ಲ. ಹುಡುಗಿಗೆ ಮನಸ್ಸಿತ್ತು, ಅಜ್ಜಿಯದು ಒಂದೇ ಮಾತು: ಬ್ಯಾಡ. ನಾನೇ ಅವರ ಮುಂದೆ ಒಮ್ಮೆ ಗುಳಿಗೆ ನುಂಗಿ ತೋರಿಸಿದ್ದೆ. “ನೀ ನುಂಗಿದ್ದು ಅದೇ ಗುಳಿಗಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು?” ಎಂದಿದ್ದಳು.

ಅಂದು ನಾವು ಹೋದಾಗ ಈರಮ್ಮಾಯಿ ಮೊದಲು ಕೇಳಿದ್ದು ಡಾಕ್ಟರರ ಅಡ್ಡಹೆಸರು. ಅವರು ಹೇಳಿದರು. ಮೇಲುಜಾತಿಯ ಮನೆತನದ ಹೆಸರು. ಆಕೆ “ಹೂಂ” ಎಂದು ಒಳಗೆ ಹೋಗಿ, ಪರಸಿ ಕಲ್ಲಿನ ನೆಲದ ಮೇಲೆ ಎರಡು ಚಾಪೆ ಹಾಸಿದಳು.

“ಉಂಡ ಮ್ಯಾಲೆ ಗುಳಿಗಿ ಅಂತೀರಿ ಹೌದಿಲ್ಲೋ? ಕುಂದ್ರಿ. ಕೂಡೇ ಉಣ್ಣಮು. ಆಮ್ಯಾಲೆ ನೋಡಮು” ಎಂದಳು.

ಎರಡು ವರ್ಷದಲ್ಲಿ ಆಕೆಯ ಬಾಯಿಂದ ‘ನೋಡಮು’ ಎಂಬ ಮಾತು ಬಂದದ್ದು ಅದೇ ಮೊದಲು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಜೋಳದ ರೊಟ್ಟಿ, ಪುಂಡಿಪಲ್ಯ ಬಂತು. ಡಾಕ್ಟರರು ಕೈಮುಗಿದರು, ತಮ್ಮ ಚೀಲದಿಂದ ಬಾಳೆಹಣ್ಣು ತೆಗೆದರು. ಅವರ ಮಾತೆಲ್ಲ ಹಿಂದಿಯಲ್ಲಿ, ಕನ್ನಡ ಮಾಡುವವನು ನಾನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು, “ಸಾಹೇಬ್ರು ಒಲಿ ಮ್ಯಾಲಿನದು ತಿನ್ನಲ್ಲ ಆಯಿ. ಹಸೀದೇ ತಿಂತಾರ. ಅವರ ಪದ್ಧತಿ” ಎಂದೆ.

ಪದ್ಧತಿ ಎಂದದ್ದೇ ಕೆಟ್ಟಿತು. ಈರಮ್ಮಾಯಿ ಎದ್ದು, ಹಿತ್ತಲಿನಿಂದ ಹಕ್ಕರಕಿ ಕಿತ್ತು ತಂದಳು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗಿಯೇ ಕಚ್ಚಿಕೊಂಡು ತಿನ್ನುವ ಸೊಪ್ಪು ಅದು. ಕೊಡದ ನೀರಿನಲ್ಲಿ ತೊಳೆದು, ಉಳ್ಳಾಗಡ್ಡಿ, ಶೇಂಗಾ ಜೊತೆಗಿಟ್ಟು, ತಾಟನ್ನು ಅವರ ಮುಂದೆ ಸರಿಸಿದಳು. ಡಾಕ್ಟರರು ಶೇಂಗಾ ಸುಲಿದು ತಿಂದರು. ಉಳ್ಳಾಗಡ್ಡಿಯನ್ನು ತಮ್ಮ ಚಾಕುವಿನಿಂದ ಸುಲಿದರು. ಸೊಪ್ಪನ್ನು ಮುಟ್ಟಲಿಲ್ಲ.

“ಬೇಸಿದ್ದು ಬ್ಯಾಡಂದ್ರು, ಹಸೀದು ಕೊಟ್ಟೆ. ಅದೂ ಬ್ಯಾಡ. ಹಂಗಾದ್ರ ಬ್ಯಾಡಾಗಿದ್ದು ನಮ್ಮ ಕೈ” ಎಂದಳು ಈರಮ್ಮಾಯಿ. “ನನ್ನ ಗಂಡ ಮಂದೀನ್ನ ಹೊಳಿ ದಾಟಸ್ತಿದ್ದ. ದೊಡ್ಡ ಮನಿ ಮಂದಿ ಅವನ ಹರಗೋಲದಾಗ ಕುಂದ್ರತಿದ್ರು, ನಮ್ಮ ಮನಿ ನೀರು ಕುಡೀತಿದ್ದಿಲ್ಲ. ಸೀದಾ ಕೊಟ್ರ ಒಯ್ತಿದ್ರು. ನಿಮ್ಮ ಗುಳಿಗಿ ನಾವು ನಿಮ್ಮೆದುರಿಗೆ ನುಂಗಬೇಕು. ನಮ್ಮ ಸೊಪ್ಪು ನೀವು ನಮ್ಮೆದುರಿಗೆ ತಿನ್ನಲ್ಲ. ಎದ್ದು ಹೋಗ್ರಿ ಸಾಹೇಬ.”

ರೇಣುಕಾ ಬಾಗಿಲ ಬಳಿ ನಿಂತಿದ್ದಳು. “ನನ್ನ ಕಾಲು ನಿನ್ನ ಕಾಲಿನಂಗ ಆಗೂದು ಬ್ಯಾಡ ಆಯಿ” ಎಂದಳು. ಅಜ್ಜಿ ತಾಟನ್ನು ತನ್ನ ಕಡೆ ಎಳೆದುಕೊಂಡಳು.

ನಾನು ಡಾಕ್ಟರರಿಗೆ ಸೀದಾ ಎಂದರೇನೆಂದು ವಿವರಿಸಿದೆ: ಬೇಯಿಸದ ಅಕ್ಕಿ, ಬೇಳೆ, ಕಾಯಿಪಲ್ಯ, ನಿಮ್ಮ ಹೊಲದ್ದು ಬೇಕು, ನಿಮ್ಮ ಒಲೆಯದು ಬೇಡ ಎನ್ನುವವರಿಗೆ ಕೊಡುವಂಥದ್ದು. ಅವರ ಮುಖ ಕಪ್ಪಿಟ್ಟಿತು. ಜಾತಿ, ಮಡಿ ಎಲ್ಲ ಬಿಟ್ಟು ದೇಶ ದೇಶ ತಿರುಗಿದ ಮನುಷ್ಯ. ತಾನು ಹೀಗೆ ಕಾಣಿಸಿಯೇನು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹಿಂದೊಮ್ಮೆ ಯಾವುದೋ ದೇಶದಲ್ಲಿ ಹಾದಿಬದಿಯ ಸೊಪ್ಪು ತಿಂದು ಟೈಫಾಯ್ಡ್ ಆಗಿ, ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತಂತೆ. ಅವರು ನನ್ನನ್ನು ಬಿಟ್ಟು ನೇರವಾಗಿ ಮುದುಕಿಗೇ ಹೇಳಿದರು: “ಜಾತಿ ನಹೀ, ಅಮ್ಮಾ. ಪಾನೀ ಸೇ ಡರ್ ಲಗ್ತಾ ಹೈ.”

ಜಾತಿಯಲ್ಲ, ನೀರಿನ ಭಯ ಎಂದರು. ನಮ್ಮ ಕಡೆ ಡರ್ ಎಂದರೆ ಯಾರಿಗೂ ಅರ್ಥ ಹೇಳಬೇಕಿಲ್ಲ. ಈರಮ್ಮಾಯಿ ತಾಟನ್ನು ಮತ್ತೆ ಅವರ ಮುಂದೆ ಸರಿಸಿದಳು.

“ಅಂಜಿಕಿ ಏನು? ನಮಗೂ ಅದೇ ಅದ” ಎಂದಳು. “ನೀ ತಿನ್ನು. ನಾವು ನುಂಗತೀವಿ.”

ನೀರು ಕುದಿಸಿ ಇನ್ನೊಮ್ಮೆ ತೊಳೆಯೋಣ ಎಂದು ನಾನು ಬಾಯಿ ಹಾಕಿದೆ. ಡಾಕ್ಟರರು ಕೈ ಎತ್ತಿ ತಡೆದರು. ಒದ್ದೆ ಹಕ್ಕರಕಿಯ ಹಿಡಿಯನ್ನು ತೆಗೆದುಕೊಂಡು, ಎಲೆ ಎಲೆಯಾಗಿ ಅಗಿದು ನುಂಗಿದರು. ಹಣೆಯ ಮೇಲೆ ಬೆವರಿತ್ತು. ತಾಟು ಖಾಲಿಯಾದ ಮೇಲೆ ಈರಮ್ಮಾಯಿ ಮುಂದೆ ಬಾಗಿದಳು.

“ಬಾಯಿ ತಗೀರಿ ಸಾಹೇಬ್ರ. ನಾಲಿಗಿ ಎತ್ತರಿ.”

ಅವರು ಎತ್ತಿದರು. ಆಕೆ ಆ ಕಡೆ ಈ ಕಡೆ ಇಣುಕಿ, ನಾನು ಮಾಡುವಂತೆಯೇ, ತಲೆಯಾಡಿಸಿದಳು. ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಅಜ್ಜಿ ನುಂಗಿದಳು, ರೇಣುಕಾ ನುಂಗಿದಳು, ಮಧ್ಯಾಹ್ನದೊಳಗೆ ಓಣಿಯ ಬಹುತೇಕ ಮನೆಗಳು ಮುಗಿದವು.

ಡಾಕ್ಟರರು ಅದೇ ಸಂಜೆ ವಾಡಿಯಿಂದ ಹೊರಟರು. ಎರಡು ದಿನಕ್ಕೆ ಫೋನು ಬಂತು. ವಾಂತಿ, ಭೇದಿ, ಜ್ವರ. ಆಸ್ಪತ್ರೆಯಲ್ಲಿ ಸಲೈನು ಹಚ್ಚಿದ್ದರು. “ಆ ಮನೆಗೆ ತಿಳಿಯಬಾರದು” ಎಂದಷ್ಟೇ ಹೇಳಿದರು. ಸೊಪ್ಪಿನಿಂದಲೇ ಆಯಿತೆಂದು ಪ್ರಮಾಣ ಮಾಡಲಾರೆ. ಆದರೆ ಸಂಶಯ ಇನ್ನೆಲ್ಲಿಗೆ ಹೋಗುತ್ತದೆ?

ರೇಣುಕಾಳಿಗೂ ಮೊದಲ ಗುಳಿಗೆಗೆ ಜ್ವರ ಬಂದು ಇಳಿದಿತ್ತು. ಆಕೆಗೆ ನಮ್ಮ ಗುಳಿಗೆಯಿಂದ, ಡಾಕ್ಟರರಿಗೆ ಆಕೆಯ ಮನೆಯ ನೀರಿನಿಂದ. ನಾನು ದಿನಾಲೂ ಹೋಗಿ ನುಂಗಿಸುತ್ತಿದ್ದೆ. ಈರಮ್ಮಾಯಿ ದಿನಾಲೂ ಕೇಳುತ್ತಿದ್ದಳು: “ಹಸೀ ತಿನ್ನೋ ಸಾಹೇಬ್ರು ಹ್ಯಾಂಗದಾರ?” ಆರಾಮ ಇದ್ದಾರೆ ಎನ್ನುತ್ತಿದ್ದೆ. ಒಂದು ದಿನ ರೇಣುಕಾ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಾಗ, ಅಜ್ಜಿ ಅವಳ ಕೈ ಹಿಡಿದಳು.

“ತಡಿ. ನೀ ಮಾರಿ ತಪ್ಪಿಸಿ ಮಾತಾಡ್ಲಿಕತ್ತಿ ಸಾಹೇಬ. ಫೋನ್ ಹಚ್ಚು.”

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಹಚ್ಚಿ ಕೊಟ್ಟೆ. ಆ ಕಡೆಯಿಂದ ಡಾಕ್ಟರರ ದನಿ ಜೋರಾಗಿಯೇ ಕೇಳಿಸಿತು: “ಮೈ ಏಕ್ದಮ್ ಠೀಕ್ ಹೂಂ, ಅಮ್ಮಾ. ಕುಛ್ ನಹೀ ಹುವಾ.” ಏನೂ ಆಗಿಲ್ಲ ಎಂದದ್ದನ್ನು ಈರಮ್ಮಾಯಿ ಕೇಳಿಸಿಕೊಂಡು ಫೋನು ನನ್ನ ಕೈಗಿಟ್ಟಳು.

“ಸುಳ್ಳು ಹೇಳ್ಲಿಕತ್ತಾನ. ಜಡ್ಡಾದವನ ದನಿ ನನಗ ಗೊತ್ತಾಗಲ್ಲೇನು?”

ಇಷ್ಟು ದಿನದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದುಕೊಂಡೆ. ಆಕೆ ಮೊಮ್ಮಗಳ ಕೈ ಬಿಟ್ಟಳು.

“ಜಡ್ಡಾಗಿ ಬಿದ್ದರೂ ನನ್ನ ಮನಿ ಹೆಸರು ತಗೀಲಿಲ್ಲ ನೋಡು. ನುಂಗು ಮಗಳ.”

ರೇಣುಕಾ ನುಂಗಿದಳು. ರೂಢಿಯಂತೆ ತಾನೇ ಬಾಯಿ ತೆರೆದಳು. “ಬ್ಯಾಡ ಬಿಡವ್ವ” ಎಂದೆ.

ಹನ್ನೆರಡೂ ದಿನ ಮುಗಿಸಿದಳು. ಮುಂದಿನ ಪರೀಕ್ಷೆಯಲ್ಲಿ ರಕ್ತ ನಿರ್ಮಲವಾಗಿತ್ತು. ನಾನೀಗ ನಿವೃತ್ತ, ಸೊಪ್ಪನ್ನು ಇವತ್ತಿಗೂ ಎರಡು ಸಲ ತೊಳೆದೇ ತಿನ್ನುತ್ತೇನೆ, ಅನುಮಾನದ ಆ ರೋಗ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಆದರೆ ನೌಕರಿ ಕಲಿಸಿದ್ದು ಇಷ್ಟು: ಮಂದಿ ನಮ್ಮನ್ನು ನಂಬಲೆಂದು ನಾವು ಗಾಡಿಗೆ ಮೈಕು ಕಟ್ಟಿ ಊರೂರು ಕೂಗುತ್ತೇವೆ. ಅವರು ಮಾತ್ರ, ತಮ್ಮ ಮನೆಯದನ್ನು ನಾವು ಏನು ನುಂಗಿದೆವು, ನುಂಗಿದ ಮೇಲೆ ಹೊರಗೆ ಹೋಗಿ ಏನು ಮಾತಾಡಿದೆವು ಎಂದು ನೋಡುತ್ತಿರುತ್ತಾರೆ.