ದಮ್ಮಿನ ಔಷಧಿ ಗಂಟಲಲ್ಲಿ ನಿಂತ ದಿನ

ಉಂಡೆ ನೀಲಮ್ಮಕ್ಕನ ಗಂಟಲಿಂದ ಕೆಳಗೆ ಇಳಿಯಲೇ ಇಲ್ಲ.

ನೀರು ಕುಡಿಯುವ ಹಾಗಿಲ್ಲ, ಹಲ್ಲಿಗೆ ತಾಗಿಸುವ ಹಾಗಿಲ್ಲ. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಕೂಡುವ ಗಳಿಗೆಗೆ ಸರಿಯಾಗಿ ದಮ್ಮಿನ ಔಷಧಿಯನ್ನು ಒಂದೇ ಸಲಕ್ಕೆ ನುಂಗಬೇಕು. ನಮ್ಮ ಕಡೆ ಅದು ರೂಢಿ.

ತೊಂಬತ್ತರ ದಶಕದ ಮಾತು. ನೀಲಮ್ಮಕ್ಕ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಇಬ್ಬರೂ ಮಸ್ಕಿಯ ಒಂದೇ ಮನೆಗೆ ಸೊಸೆಯಾಗಿ ಬಂದವರು. ಅತ್ತೆ ನಮ್ಮಿಬ್ಬರನ್ನೂ ಕಟ್ಟಿಕೊಂಡು ಲಿಂಗಸುಗೂರು ಹತ್ತಿರದ ಒಂದು ಹಳ್ಳಿಗೆ ಬಂದಿದ್ದರು. ಔಷಧಿ ಅಕ್ಕನಿಗೆ, ನಾನು ಸುಮ್ಮನೆ ಜೊತೆಗೆ.

"ಕಣ್ಣ ಮುಚ್ಚಿ ನುಂಗಿಬಿಡ ಬೇ," ಅತ್ತೆ ಬೆನ್ನು ಸವರುತ್ತಿದ್ದರು.

ಅಕ್ಕ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಇಲ್ಲೇ ಕುಂತೈತ್ರೀ ಅತ್ತಿ. ಕೆಳಗ ಇಳಿವಲ್ದು."

ನೋಡನೋಡುತ್ತಲೇ ಅವಳ ಮುಖ ಕಪ್ಪಿಟ್ಟಿತು. ನಾನು ರೂಢಿ ಗೀಢಿ ನೋಡದೆ ನೀರು ಕುಡಿಸಿದೆ. ಅದೂ ವಾಪಸ್ ಬಂತು. ಸಿಕ್ಕ ಜೀಪ್ ಹತ್ತಿ ಲಿಂಗಸುಗೂರಿಗೆ ಓಡಿದೆವು...

ಅಕ್ಕನ ಏದುಸಿರಿಗೆ ದಮ್ಮು ಅಂತ ಹೆಸರಿಟ್ಟವರು ಅತ್ತೆ. ಅವರದೂ ತಪ್ಪಲ್ಲ ಬಿಡಿ. ನಮ್ಮ ಕಡೆ ಆಸ್ತಮಾನೂ ದಮ್ಮು, ಗುಡ್ಡ ಹತ್ತಿ ಏದುಸಿರು ಬಂದರೂ ದಮ್ಮು, ಬೀಡಿ ಎಳೆದರೆ ಅದೂ ದಮ್ಮು!

ಅಕ್ಕನ ಬೆರಳುಗಳು ಮೊದಲಿನಿಂದಲೂ ವಿಚಿತ್ರ. ತವರು ಜವಳಗೇರಾದಲ್ಲಿ ನೆಲ್ಲು ಹಚ್ಚಲು ಗದ್ದೆಗೆ ಇಳಿದರೆ ಸಾಕು, ಬೆರಳು ಬೆಳ್ಳಗಾಗಿ ಆಮೇಲೆ ನೀಲಿಯಾಗುತ್ತಿದ್ದವು. ಕಾಲುವೆ ನೀರಿನ ತಂಪು ಅಂದರು. ಬೆರಳ ತುದಿಯಲ್ಲಿ ಹುಣ್ಣಾದಾಗ ಸಿಂಧನೂರಿನಲ್ಲಿ ತೋರಿಸಿ ಮುಲಾಮು ತಂದರು. ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಅದಕ್ಕೆ ಪಿತ್ತ ಅಂದರು.

ಮುಖ ಮಾತ್ರ ಫಳಫಳ. ಒಂದು ಸುಕ್ಕಿಲ್ಲ! "ಯಾವ ಕ್ರೀಮ್ ಹಚ್ಚಾಕತ್ತೀ ಹೇಳಬೇ ಅಕ್ಕಾ" ಅಂತ ನಾನೇ ಕಾಡುತ್ತಿದ್ದೆ. ಅವಳು ಬಾಯಿ ಪೂರ್ತಿ ತೆರೆಯದೇ ನಗುತ್ತಿದ್ದಳು.

ಲಿಂಗಸುಗೂರು ಮುಟ್ಟುವಷ್ಟರಲ್ಲಿ ಜೀಪಿನ ಕುಲುಕಾಟಕ್ಕೆ ಉಂಡೆ ತಾನಾಗಿಯೇ ಇಳಿದಿತ್ತು. ಅತ್ತೆಗೆ ಖುಷಿಯೋ ಖುಷಿ. ಔಷಧಿ ಹೊಟ್ಟೆ ಸೇರಿತಲ್ಲ! "ಮತ್ಯಾಕ ಡಾಕ್ಟ್ರು? ನಡೀರಿ, ಹೊಳ್ಳಿ ಹೋಗೂಣು" ಅಂದರು.

ನನಗೆ ಸಿಟ್ಟು ಬಂತು. "ಇಲ್ಲಿ ಮಟ ಬಂದೀವಿ, ತೋರಿಸೇ ಹೋಗೂದ್ರಿ" ಅಂದೆ. ಅತ್ತೆಯ ಎದುರು ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಗಂಟಲು ನೋಡಲು ಡಾಕ್ಟರು ಟಾರ್ಚ್ ಹಿಡಿದು ಬಾಯಿ ತೆರೆಯಲು ಹೇಳಿದರು. ಅಕ್ಕನ ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ಅವರು ಟಾರ್ಚ್ ಕೆಳಗಿಟ್ಟು ಅವಳ ಕೈ ಹಿಡಿದು, ಬೆರಳಿನ ಮೇಲಿನ ಚರ್ಮ ಚಿವುಟಿ ಎತ್ತಲು ನೋಡಿದರು. ಏಳಲಿಲ್ಲ. ಬಿಪಿ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಪಾದ ಒತ್ತಿದರೆ ಗುಳಿ ಬಿತ್ತು.

"ನಡದರ ಏನಾಗ್ತದಮ್ಮ?"

ಅಕ್ಕ ಮೊದಲು ಅತ್ತೆಯ ಮುಖ ನೋಡಿದಳು. "ಎದಿ ಬಡಕೊಂತದ್ರಿ. ಕಣ್ಣಿಗೆ ಕತ್ತಲಿ ಬರ್ತದ. ಕೊಡ ಇಳಿಸಿ, ಸೀರಿ ಸರಿ ಮಾಡ್ಕೊಂಡಂಗ ಮಾಡಿ ನಿಂತ್ಕೊಂತೀನ್ರಿ."

"ಎಷ್ಟ ದಿನಾ ಆತು?"

"ಎರಡ ವರ್ಷರ ಆಗಿರಬೇಕ್ರಿ."

ದಿನಾ ಒಂದೇ ನಳದಿಂದ ನೀರು ತಂದವರು ನಾವು. ನನಗೆ ಅಲ್ಲೇ ಅಳು ಬಂತು.

ಡಾಕ್ಟರು ನಿಧಾನವಾಗಿ ಹೇಳಿದರು. "ಇದು ದಮ್ಮಲ್ಲಮ್ಮ. ಮೈ ಬಿಗಿಯೂ ರೋಗ. ನಿಮಗ ಚರ್ಮ ಅಷ್ಟ ಕಾಣ್ತದ, ಒಳಗ ಅನ್ನದ ಕೊಳವಿನೂ ಬಿಗಿದೈತಿ, ರಕ್ತದ ನಾಳನೂ ಬಿಗಿದಾವ. ಅಂಥಾ ನಾಳದಾಗ ಶ್ವಾಸಕೋಶಕ್ಕ ರಕ್ತ ದೂಡಿ ದೂಡಿ ಹೃದಯ ದಣದೈತಿ."

ಬಳ್ಳಾರಿಗೆ ಕಳಿಸಿದರು. ಅಲ್ಲಿ ಎದೆಯ ಸ್ಕ್ಯಾನ್ ಮಾಡಿದವರೂ ಅದನ್ನೇ ಹೇಳಿದರು. ರೋಗಕ್ಕೆ ಸಿಸ್ಟಮಿಕ್ ಸ್ಕ್ಲೆರೋಸಿಸ್ ಅಂತ ಹೆಸರು. ಅತ್ತೆಯ ನಾಲಿಗೆ ಅದಕ್ಕೆ ಕಡೆಯವರೆಗೂ ಹೊರಳಲಿಲ್ಲ.

ಪೂರ್ತಿ ವಾಸಿಯಾಗದು, ಹುಷಾರಾಗಿರಬೇಕು ಅಂದರು. ಬಿಪಿ ಏರಿದರೆ ಕಿಡ್ನಿಗೂ ಪೆಟ್ಟು, ಅದಕ್ಕೇ ಬಿಪಿ ನೋಡಿಸುತ್ತಲೇ ಇರಬೇಕು. ಉಪ್ಪು ಕಡಿಮೆ, ತಣ್ಣೀರು ಬಂದ್, ಮನೆಯಲ್ಲಿ ಹೊಗೆ ಕೂಡದು. ಭಾವನ ಬೀಡಿ ಅವತ್ತೇ ಅಂಗಳದಾಚೆ ಹೋಯಿತು.

ಬಳ್ಳಾರಿಯಿಂದ ಬರುವಾಗ ಬಸ್ಸು ಸಿಂಧನೂರು ದಾಟಿತು. ಅತ್ತೆ ಅಕ್ಕನ ಕಡೆ ತಿರುಗಿ ಒಮ್ಮೆಲೇ ಕೇಳಿದರು. "ನಾ ದಮ್ಮಂದೆ, ನೀ ಹೂಂ ಅಂದಿ. ಹಿಂಗಾಗ್ತದ ಅಂತ ಒಂದ ಮಾತ ಹೇಳಬಾರದಿತ್ತೇನ ಬೇ?"

"ನೀವ ಹೆಸರಿಟ್ಟಿದ್ರಲ್ರೀ ಅತ್ತಿ," ಅಂದಳು ಅಕ್ಕ. "ಹೆಸರ ಗೊತ್ತಿದ್ದ ರೋಗಕ್ಕ ಯಾಕ ಅಂಜೂದು ಅಂದ್ಕೊಂಡೆ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು.

ಆಮೇಲೂ ಅಕ್ಕ ಕೆಲವು ವರ್ಷ ಚೆನ್ನಾಗಿಯೇ ಇದ್ದಳು. ಬೆರಳಿನ ಹುಣ್ಣು ಒಣಗಿದವು. ಬಂದವರೆಲ್ಲ ಕೈ ನೋಡಿ, ಆರಾಮಾಗ್ಯಾಳ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಚಹಾ ಸೋಸುತ್ತಿದ್ದವಳು ಹಾಗೇ ಗೋಡೆಗೆ ಒರಗಿ ಕುಳಿತಳು. ಭಾವ ಗಾಡಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣಿಗೆ ಬಂದವರು ಅಂಗಳದಲ್ಲಿ ಕುಳಿತು, ಪಾಪ, ದಮ್ಮಿನಿಂದ ಹೋದಳು ಅಂತ ಮಾತಾಡುತ್ತಿದ್ದರು. ಅಳುತ್ತ ಕುಳಿತಿದ್ದ ಅತ್ತೆ ತಟ್ಟನೆ ಎದ್ದು ನಿಂತರು.

"ದಮ್ಮ ಅನಬ್ಯಾಡ್ರಿ ಯಾರೂ. ನನ್ನ ಸೊಸೀಗೆ ದಮ್ಮ ಇದ್ದಿಲ್ಲ."

ನಿಮ್ಮ ಮನೆಯಲ್ಲೂ ಹೀಗೆ ಒಂದು ಹೆಸರಿಟ್ಟು ಸುಮ್ಮನಾಗಿಬಿಟ್ಟ ಕಾಯಿಲೆ ಯಾವುದಾದರೂ ಇದೆಯಾ?